‘ಫ್ರೀ ಡ್ರೈವರ್’ ಅಂತ ಕುಣಿಯೋರಿಗೆ ಒಂದು ಲೆಕ್ಕ

1/8

ನೇರವಾಗಿ ಹೇಳಿಬಿಡ್ತೀನಿ, ಅನ್‌ಫಾಲೋ ಮಾಡೋರು ಆಮೇಲೆ ಮಾಡ್ಕೊಳ್ಳಿ. ನಮ್ಮ ವಯಸ್ಸಿನವರಿಗೆ ಹೊಸದನ್ನ ಶುರು ಮಾಡಿದವರು ಮಾತ್ರ ಕಣ್ಣಿಗೆ ಬೀಳ್ತಾರೆ. ಶುರುವಾಗಿದ್ದು ನಿಂತುಹೋಗದ ಹಾಗೆ ನೋಡ್ಕೊಳ್ಳೋರು ಕಾಣೋದೇ ಇಲ್ಲ. ಅವರು ನೆನಪಾಗೋದು ಏನಾದ್ರೂ ಕೆಟ್ಟಾಗ, ಬೈಯೋದಕ್ಕೆ.

ನಮ್ಮ ಗ್ರೂಪುಗಳನ್ನೇ ನೋಡಿ. ಫೋನಲ್ಲಿ ವಿನ್ಲೇಟರ್ ಹಾಕ್ಕೊಂಡು ಪಿಸಿ ಗೇಮ್ ಆಡೋರು ಕ್ಲಾಸಿಗೆ ಹತ್ತು ಜನ ಇದ್ದೀರಿ. ದಿನಾ ಎರಡೇ ಮಾತು. ‘ಹೊಸ ಟರ್ನಿಪ್ ಜಿಪ್ ಯಾರ ಹತ್ರ ಇದೆ ಗುರು?’ ಅನ್ನೋದೊಂದು. ‘ಕ್ರ್ಯಾಶ್ ಆಗ್ತಿದೆ, ಇದನ್ನ ಮಾಡಿದೋನಿಗೆ ತಲೆ ಇಲ್ವಾ?’ ಅನ್ನೋದು ಇನ್ನೊಂದು. ಎರಡನೇದಕ್ಕೆ ಸಾಲು ಸಾಲು ನಗೋ ಎಮೋಜಿ.

ತಲೆ ಯಾರಿಗಿದೆ, ಯಾರಿಗಿಲ್ಲ ಅಂತ ಲೆಕ್ಕ ಹಾಕೋಣ ಬನ್ನಿ. ನಾನು ಬಿಕಾಂ. ನನಗೆ ಬರೋದು ಲೆಕ್ಕ ಒಂದೇ.

2/8

ಮೊದಲು ಟರ್ನಿಪ್ ಅಂದ್ರೆ ಏನು ಅಂತ ತಿಳ್ಕೊಳ್ಳಿ. ಅದು ಯಾರೋ ಟೆಲಿಗ್ರಾಂ ಅಡ್ಮಿನ್ ರಾತ್ರಿ ಕೂತು ಬರೆದ ಜಿಪ್ ಅಲ್ಲ. ಸ್ನ್ಯಾಪ್‌ಡ್ರ್ಯಾಗನ್ ಫೋನುಗಳಲ್ಲಿ ಅಡ್ರಿನೋ ಅಂತ ಗ್ರಾಫಿಕ್ಸ್ ಚಿಪ್ ಇರುತ್ತಲ್ಲ, ಅದಕ್ಕೆ ಬರೆದ ವಲ್ಕನ್ ಡ್ರೈವರ್. ಅದು ಇರೋದು ಮೆಸಾ ಅನ್ನೋ ದೊಡ್ಡ ಓಪನ್ ಸೋರ್ಸ್ ಯೋಜನೆಯ ಒಳಗೆ. ಮೆಸಾವನ್ನ ಬ್ರಯಾನ್ ಪಾಲ್ ಅನ್ನೋರು 1993ರಲ್ಲಿ ಶುರು ಮಾಡಿದ್ರು. ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ ಆಗ. ಇವತ್ತು ಲಿನಕ್ಸ್ ಹಾಕಿದ ಇಂಟೆಲ್, ಎಎಂಡಿ ಲ್ಯಾಪ್‌ಟಾಪ್ ಪರದೆ ಮೇಲೆ ಏನೇ ಮೂಡಿದ್ರೂ ಸಾಮಾನ್ಯವಾಗಿ ಅದರ ಹಿಂದೆ ಮೆಸಾ ಇರುತ್ತೆ. ರೀಲ್ಸ್‌ನಲ್ಲಿ ನೋಡಿ ಜೊಲ್ಲು ಸುರಿಸ್ತೀರಲ್ಲ, ಆ ಸ್ಟೀಮ್ ಡೆಕ್ ಓಡೋದೂ ಇದರ ಮೇಲೇ.

ಈಗ ಮದುವೆ ಮನೆಗೆ ಬನ್ನಿ. ಒಬ್ಬಟ್ಟು ಚೆನ್ನಾಗಿತ್ತು ಅಂದ್ರೆ ಹೆಸರು ಭಟ್ಟರಿಗೆ. ಹಿಂದುಗಡೆ ಉಗ್ರಾಣ ಅಂತ ಒಂದು ಕೋಣೆ ಇರುತ್ತೆ, ನೋಡಿದ್ದೀರಾ? ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಒಬ್ಬ ದೊಡ್ಡಪ್ಪನೋ ಸೋದರಮಾವನೋ ಅಲ್ಲಿ ಕೂತಿರ್ತಾರೆ. ಬೇಳೆ ಎಷ್ಟು, ಬೆಲ್ಲ ಎಷ್ಟು ಅಚ್ಚು, ಎಲೆ ಎಷ್ಟು ಕಟ್ಟು, ಯಾವುದು ಮೊದಲು ಒಲೆ ಹತ್ರ ಹೋಗಬೇಕು, ಯಾವುದು ಸಾಲದೇ ಬಂದ್ರೆ ಎಲ್ಲಿಂದ ತರಿಸಬೇಕು, ಎಲ್ಲ ಅವರ ತಲೆಯಲ್ಲಿ. ಫೋಟೋದಲ್ಲಿ ಅವರು ಇರಲ್ಲ. ಅವರು ಊಟ ಮಾಡೋದು ಕೊನೇ ಪಂಕ್ತಿಯಲ್ಲಿ, ಪಾಯಸ ಮುಗಿದ ಮೇಲೆ.

ಬಿಲ್ಡ್ ಸಿಸ್ಟಮ್ ಅಂದ್ರೆ ಆ ಉಗ್ರಾಣ. ಡ್ರೈವರ್ ಬರೆಯೋನು ಭಟ್ಟ. ಬರೆದ ಕೋಡು ನಿಮ್ಮ ಫೋನಿಗೆ ಬರೋ ಡ್ರೈವರ್ ಆಗಬೇಕಂದ್ರೆ ಸಾವಿರಾರು ಕಡತಗಳನ್ನ ಸರಿಯಾದ ಕ್ರಮದಲ್ಲಿ, ಸರಿಯಾದ ಕಂಪೈಲರ್‌ಗೆ ಕೊಡಬೇಕು. ಮೆಸಾದಲ್ಲಿ ಕೆಲವು ಕಡತಗಳನ್ನ ಮನುಷ್ಯರು ಬರೆದೇ ಇಲ್ಲ. ಪೈಥಾನ್ ಸ್ಕ್ರಿಪ್ಟುಗಳು ಎಕ್ಸ್‌ಎಂಎಲ್ ಓದಿ ಸಿ ಕೋಡು ಬರೆದು ಕೊಡ್ತವೆ, ಅದು ತಯಾರಾದ ಮೇಲೇ ಮುಂದಿನದು. ಹೂರಣ ರುಬ್ಬದೆ ಒಬ್ಬಟ್ಟು ತಟ್ಟೋಕಾಗುತ್ತಾ? ಜೊತೆಗೆ ಸಿ, ಸಿ++, ಈಗ ರಸ್ಟ್. ಕೆಲವು ಡ್ರೈವರಿಗೆ ಎಲ್‌ಎಲ್‌ವಿಎಂ ಬೇಕು, ಕೆಲವಕ್ಕೆ ಬೇಡ. ಲಿನಕ್ಸ್‌ಗೂ ಆಗಬೇಕು, ವಿಂಡೋಸ್‌ಗೂ ಆಗಬೇಕು, ಲ್ಯಾಪ್‌ಟಾಪ್ ಮೇಲೆ ಕೂತು ಫೋನಿನ ಚಿಪ್‌ಗೂ ಕಂಪೈಲ್ ಮಾಡೋಕೆ ಬರಬೇಕು. ನಿಮ್ಮ ಟರ್ನಿಪ್ ಜಿಪ್ ಹುಟ್ಟೋದು ಈ ಕೊನೇ ದಾರಿಯಲ್ಲೇ.

3/8

ಒಂದು ಕಾಲಕ್ಕೆ ಮೆಸಾದಲ್ಲಿ ಒಂದಲ್ಲ, ನಾಲ್ಕು ಉಗ್ರಾಣ ಇದ್ದವು. ತಮಾಷೆ ಅಲ್ಲ. ಲಿನಕ್ಸ್‌ನವರಿಗೆ ಆಟೋಟೂಲ್ಸ್. ವಿಂಡೋಸ್ ಕಡೆಗೆ ಎಸ್‌ಕಾನ್ಸ್. ಆಂಡ್ರಾಯ್ಡ್‌ಗೆ ಅದರದೇ ಮೇಕ್ ಕಡತಗಳು. 2017ರಲ್ಲಿ ಇವುಗಳ ಪಕ್ಕಕ್ಕೆ ಮೆಸಾನ್ ಬಂತು. (ಮೆಸಾ ಬೇರೆ, ಮೆಸಾನ್ ಬೇರೆ. ಹೆಸರು ಹತ್ತಿರ ಇರೋದು ಕಾಕತಾಳೀಯ. ಮೆಸಾನ್ ಮಾಡಿದ್ದು ಫಿನ್ಲೆಂಡಿನ ಯುಸ್ಸಿ ಪಕ್ಕಾನೆನ್, ಹೆಸರು ಭೌತಶಾಸ್ತ್ರದ ಒಂದು ಕಣದ್ದು. ನನಗೂ ಎರಡು ದಿನ ತಲೆ ಕೆಟ್ಟಿತ್ತು.)

ಒಂದೇ ಅಂಗಡಿಗೆ ನಾಲ್ಕು ಲೆಡ್ಜರ್ ಇಟ್ಟ ಹಾಗೆ. ಡ್ರೈವರ್ ಬರೆಯೋನು ಒಂದು ಹೊಸ ಕಡತ ಸೇರಿಸ್ದ ಅಂದ್ಕೊಳ್ಳಿ. ತಾನು ಬಳಸೋ ಪುಸ್ತಕದಲ್ಲಿ ಎಂಟ್ರಿ ಹಾಕಿ ಹೋದ, ಅವನ ಕಂಪ್ಯೂಟರಲ್ಲಿ ಎಲ್ಲ ಸರಿ. ಬೇರೆ ಕಡೆ ಆಂಡ್ರಾಯ್ಡ್ ಬಿಲ್ಡ್ ಒಡೆದುಹೋಯ್ತು. ಅದು ಅವನಿಗೆ ಗೊತ್ತೇ ಆಗಲ್ಲ. ಯಾರಿಗೋ ಆಮೇಲೆ ಗೊತ್ತಾಗಿ, ಅವರು ಹುಡುಕಿ, ಒಂದು ಸಾಲಿನ ತಿದ್ದುಪಡಿ ಕಳಿಸ್ಬೇಕು. ಆ ಒಂದು ಸಾಲಿಗೆ ಹೊಸ ಗೇಮ್ ಓಡಲ್ಲ, ಎಫ್‌ಪಿಎಸ್ ಏರಲ್ಲ, ಸುದ್ದಿ ಆಗಲ್ಲ.

ಇದನ್ನ ಒಂದಕ್ಕೆ ತರೋಣ ಅಂತ ಹೊರಟವರಲ್ಲಿ ಮುಖ್ಯರು ಆಗ ಇಂಟೆಲ್‌ನಲ್ಲಿದ್ದ ಡೈಲನ್ ಬೇಕರ್. ಕೆಲಸ ಏನು ಗೊತ್ತಾ? ಓಡ್ತಾ ಇರೋ ಬಸ್ಸಿನ ಇಂಜಿನ್ ಬದಲಾಯಿಸೋದು, ಪ್ರಯಾಣಿಕರು ಇಳಿಯೋ ಹಾಗಿಲ್ಲ. ಮೆಸಾಗೆ ಬೇಕಾದ ಎಷ್ಟೋ ಸೌಲಭ್ಯ ಮೆಸಾನ್‌ನಲ್ಲಿ ಇರಲೇ ಇಲ್ಲ, ಅವನ್ನ ಮೆಸಾನ್‌ಗೇ ಹೋಗಿ ಸೇರಿಸ್ಬೇಕಾಯ್ತು. ‘ಹಳೇದೇ ಚೆನ್ನಾಗಿದೆ, ಯಾಕೆ ಮುಟ್ತೀರಿ’ ಅನ್ನೋರಿಗೆ ಮೇಲಿಂದ ಮೇಲೆ ಉತ್ತರ ಕೊಡ್ಬೇಕಾಯ್ತು. ಮೊದಲು ಎರಡನ್ನೂ ಒಟ್ಟಿಗೆ ನಡೆಸಿದ್ರು. 19.0 ಆವೃತ್ತಿ ಹೊತ್ತಿಗೆ, ಆಟೋಟೂಲ್ಸೇ ಬೇಕು ಅನ್ನೋರು ಬೇಕು ಅಂತ ಬೇರೆಯಾಗಿ ಬರೆದು ಕೇಳ್ಬೇಕು ಅನ್ನೋ ಹಾಗೆ ಮಾಡಿದ್ರು. 2019ರ 19.1ರಲ್ಲಿ ಪೂರ್ತಿ ತೆಗೆದ್ರು. ಎಸ್‌ಕಾನ್ಸ್ ಹೋಗಿದ್ದು ಅದಾದ ಮೇಲೆ.

ಸುಮಾರು ಎರಡು ವರ್ಷ. ಆ ಎರಡು ವರ್ಷದ ಫಲ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ? ಕಾಣಲ್ಲ. ಏನೂ ಆಗದೇ ಇರೋದೇ ಫಲ.

4/8

ಇಲ್ಲಿ ನಮ್ಮ ವಿಷಯ ಬರುತ್ತೆ. ಎರಡನೇ ಸೆಮಿಸ್ಟರಲ್ಲಿ ನಿದ್ದೆ ಹೊಡೆದವರೂ ಕೇಳಿ.

ಹೊಸ ಮಷೀನ್ ತಂದ್ರೆ ಅದು ಕ್ಯಾಪಿಟಲ್ ಖರ್ಚು, ಆಸ್ತಿ ಅಂತ ಬ್ಯಾಲೆನ್ಸ್ ಶೀಟಿಗೆ ಹೋಗುತ್ತೆ. ಅದಕ್ಕೆ ಎಣ್ಣೆ ಬಿಟ್ಟು, ಬೆಲ್ಟ್ ಬದಲಾಯಿಸಿದ್ರೆ ‘ರಿಪೇರ್ಸ್ ಅಂಡ್ ಮೇಂಟೆನೆನ್ಸ್’, ಪಿ ಅಂಡ್ ಎಲ್‌ನಲ್ಲಿ ಖರ್ಚು. ಅಂದ್ರೆ ಲಾಭ ಕಡಿಮೆ ಮಾಡೋ ಸಾಲು. ಮಾಲೀಕ ಮೊದಲು ಕತ್ತರಿ ಹಾಕೋದು ಎಲ್ಲಿಗೆ? ಅಲ್ಲಿಗೇ. ಬೆಲ್ಟ್ ಬದಲಾಯಿಸಿದ್ರಿಂದ ನಿಲ್ಲದೇ ಹೋದ ಉತ್ಪಾದನೆಗೆ ಯಾವ ಪುಸ್ತಕದಲ್ಲೂ ಕಾಲಂ ಇಲ್ಲ. ಆಗದೇ ಇರೋ ನಷ್ಟಕ್ಕೆ ವೋಚರ್ ಎಲ್ಲಿಂದ ತರ್ತೀರಿ?

ಇದು ಲೆಕ್ಕಶಾಸ್ತ್ರದ ತಪ್ಪಲ್ಲ. ಅಳೆಯೋಕಾಗಿದ್ದನ್ನ ಅದು ಬರೆದುಕೊಳ್ಳುತ್ತೆ, ಅಷ್ಟೇ. ತಪ್ಪು ಇರೋದು ಬರೆಯದೇ ಬಿಟ್ಟದ್ದಕ್ಕೆ ಬೆಲೆಯೇ ಇಲ್ಲ ಅಂತ ನಾವು ತಿಳ್ಕೊಂಡಿದ್ದೀವಲ್ಲ, ಅದರಲ್ಲಿ. ನಮ್ಮನೇಲಿ ನೀರಿನ ತೊಟ್ಟಿ ತೊಳೆಯೋ ಅಮ್ಮನಿಂದ ಹಿಡಿದು ಬಿಲ್ಡ್ ಕಡತ ತಿದ್ದೋರ ತನಕ ಎಲ್ಲರನ್ನೂ ನಾವು ಇದೇ ಕಣ್ಣಲ್ಲೇ ನೋಡೋದು.

5/8

‘ಉಗ್ರಾಣದವರನ್ನ ಮರೆತ್ರೆ ಏನಾಗುತ್ತೆ ಮಹಾ?’ ಅಂತ ಕೇಳೋರಿಗೆ ಈ ಭಾಗ. ಸ್ವಲ್ಪ ಉದ್ದ ಇದೆ, ಸ್ಕ್ರೋಲ್ ಮಾಡಿ ಓಡಬೇಡಿ.

ಇದು ಮೆಸಾದ ಕತೆ ಅಲ್ಲ, ಎಕ್ಸ್‌ಝಡ್ ಅನ್ನೋ ಇನ್ನೊಂದು ಪುಟ್ಟ ಯೋಜನೆಯದು. ಕಡತ ಕುಗ್ಗಿಸೋ ಸಾಧನ, ಲಿನಕ್ಸ್ ಸರ್ವರುಗಳಲ್ಲಿ ಎಲ್ಲ ಕಡೆ ಇರುತ್ತೆ. ವರ್ಷಗಟ್ಟಲೆ ನೋಡ್ಕೊಂಡವರು ಮುಖ್ಯವಾಗಿ ಒಬ್ಬರೇ, ಲಾಸ್ಸೆ ಕಾಲಿನ್. ಸಂಬಳ ಇಲ್ಲ. 2022ರಲ್ಲಿ ಅವರು ತನಗೆ ಮಾನಸಿಕವಾಗಿ ಕಷ್ಟ ಇದೆ, ಇದು ಹಣ ಬರದ ಹವ್ಯಾಸದ ಕೆಲಸ ಅಂತ ಬಹಿರಂಗವಾಗೇ ಬರೆದ್ರು. ಅದೇ ಹೊತ್ತಿಗೆ ಗುರುತು ಪರಿಚಯ ಇಲ್ಲದ ಖಾತೆಗಳು ‘ಅಪ್‌ಡೇಟ್ ಯಾವಾಗ? ನಿಮ್ಮ ಕೈಲಾಗದಿದ್ರೆ ಬೇರೆಯವರಿಗೆ ಬಿಟ್ಟುಕೊಡಿ’ ಅನ್ನೋ ಧಾಟಿಯಲ್ಲಿ ಕುಟುಕ್ತಾ ಇದ್ದವು. ಕೇಳಿದ ಮಾತು ಅನ್ನಿಸ್ತಾ ಇದೆಯಾ? ಅನ್ನಿಸ್ಬೇಕು.

ಆಗ ‘ಜಿಯಾ ಟಾನ್’ ಅನ್ನೋ ಹೆಸರಿನ ಒಂದು ಖಾತೆ ಬಲು ವಿನಯದಿಂದ ಸಹಾಯಕ್ಕೆ ನಿಂತಿತ್ತು. ಎರಡು ವರ್ಷಕ್ಕೂ ಮೇಲೆ ಒಳ್ಳೊಳ್ಳೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಬಿಡುಗಡೆ ಮಾಡೋ ಅಧಿಕಾರ ಪಡೀತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸರ್ವರಿನ ಒಳಗೆ ನುಗ್ಗೋಕೆ ಕಳ್ಳಬಾಗಿಲು ಇಡ್ತು.

ಎಲ್ಲಿ ಇಟ್ಟಿತು ಅನ್ನೋದು ಗಮನಿಸಿ. ಎಲ್ಲರೂ ಓದೋ ಮುಖ್ಯ ಕೋಡಲ್ಲಿ ಅಲ್ಲ. ವಿಷವನ್ನ ಪರೀಕ್ಷೆಗೆ ಅಂತ ಇಟ್ಟ ಕಡತಗಳಲ್ಲಿ ಬಚ್ಚಿಟ್ಟು, ಅದನ್ನ ಹೊರಗೆ ತೆಗೆದು ಬೆರೆಸೋ ಕೆಲಸ ಬಿಲ್ಡ್ ಸಿಸ್ಟಮ್ಮಿಗೆ ಕೊಡ್ತು. ಆಟೋಟೂಲ್ಸ್‌ನ ಒಂದು ಎಂ4 ಕಡತ. ಅದನ್ನ ತಿದ್ದಿದ್ದು ಕೂಡ ಎಲ್ಲರಿಗೂ ಕಾಣೋ ಗಿಟ್ ಖಾತೆಯಲ್ಲಿ ಅಲ್ಲ, ಬಿಡುಗಡೆಗೆ ಅಂತ ಕಟ್ಟಿದ ಪ್ಯಾಕೇಜಲ್ಲಿ ಮಾತ್ರ. ಆಡಿಟಿಂಗ್ ಓದಿರೋರಿಗೆ ಈಗ ಬೆನ್ನು ತಣ್ಣಗಾಗ್ಬೇಕು. ಲೆಡ್ಜರ್ ಶುದ್ಧ, ಹೊರಗೆ ಹಂಚಿದ ಬ್ಯಾಲೆನ್ಸ್ ಶೀಟಲ್ಲಿ ಒಂದು ಸಾಲು ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ತಾಳೆ ನೋಡಲಿಲ್ಲ. ಇನ್ನೊಂದು ಬಿಲ್ಡ್ ಕಡತದಲ್ಲಿ ಒಂದೇ ಒಂದು ಚುಕ್ಕಿ ಹೆಚ್ಚಿಗೆ ಇಟ್ಟು, ಒಂದು ರಕ್ಷಣಾ ಸೌಲಭ್ಯ ಸದಾ ‘ಇಲ್ಲ’ ಅಂತ ಬರೋ ಹಾಗೆ ಮಾಡಿದ್ರು. ಒಂದು ಚುಕ್ಕಿ!

ಸಿಕ್ಕಿದ್ದು ಹೇಗೆ? ಮಾರ್ಚ್ 29ರಂದು ಇದನ್ನ ಬಯಲು ಮಾಡಿದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಭಿವೃದ್ಧಿ ಮಾಡೋರು. ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡೀತಿದೆಯಲ್ಲ ಅಂತ ತಲೆ ಕೆಡಿಸ್ಕೊಂಡು ಹುಡುಕ್ತಾ ಹೋದ್ರು. ಅಷ್ಟರಲ್ಲಿ ಅದು ಪರೀಕ್ಷಾ ಹಂತದ ಕೆಲವು ಲಿನಕ್ಸ್ ಆವೃತ್ತಿಗಳಿಗೆ ಮಾತ್ರ ಹೋಗಿತ್ತು. ಇನ್ನೊಂದಿಷ್ಟು ತಿಂಗಳು ಬಿಟ್ಟಿದ್ರೆ ಜಗತ್ತಿನ ಎಷ್ಟು ಸರ್ವರುಗಳಿಗೆ ಹೋಗ್ತಿತ್ತೋ ಯೋಚನೆ ಮಾಡಿ.

ಬಿಲ್ಡ್ ಸಿಸ್ಟಮ್ ಬೋರಿಂಗ್, ಯಾರೂ ಓದಲ್ಲ ಅನ್ನೋದು ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು. 1970ರ ದಶಕದ ಎಂ4 ಭಾಷೆಯಲ್ಲಿ ಬರೆದ ಸಾಲುಗಳನ್ನ ಕಣ್ಣು ಬಿಟ್ಟು ಓದೋರು ಎಷ್ಟು ಜನ ಸಿಗ್ತಾರೆ? ಅದಕ್ಕೇ ಹೇಳೋದು, ಮೆಸಾದವರು ಎರಡು ವರ್ಷ ಒದ್ದಾಡಿ ಓದೋಕೆ ಬರೋ ಹಾಗೆ ಬಿಲ್ಡ್ ಕಡತ ಬರೆದದ್ದು ಬರೀ ಚಂದಕ್ಕಲ್ಲ. ಮೆಸಾನ್ ಬಂದ್ರೆ ಕಳ್ಳತನ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಓದೋಕೆ ಆಗೋ ಪುಸ್ತಕದಲ್ಲಿ ಕಳ್ಳ ಎಂಟ್ರಿ ಹಾಕೋದು ಕಷ್ಟ, ಅಷ್ಟೇ.

6/8

ಕಾಮೆಂಟಲ್ಲಿ ಒಬ್ಬರು ಕೇಳಿದ್ದಾರೆ: ‘ಮೆಸಾದವರಿಗೆ ಇಂಟೆಲ್, ಎಎಂಡಿ, ವಾಲ್ವ್, ಗೂಗಲ್ ಸಂಬಳ ಕೊಡುತ್ತೆ. ನೀವ್ಯಾಕೆ ಅಳ್ತೀರಿ?’

ಒಳ್ಳೇ ಪ್ರಶ್ನೆ. ಹೌದು, ಮೆಸಾದಲ್ಲಿ ತುಂಬಾ ಜನ ಸಂಬಳದವರು. ಎಕ್ಸ್‌ಝಡ್ ಥರ ಒಬ್ಬಂಟಿ ಅಲ್ಲ, ಮುಚ್ಚಿಡಲ್ಲ. ಆದ್ರೆ ಇಂಟೆಲ್ ಸಂಬಳ ಕೊಡೋದು ಮೊದಲು ಇಂಟೆಲ್ ಚಿಪ್ ಓಡಲಿ ಅಂತ. ಎಎಂಡಿಗೆ ಎಎಂಡಿ ಚಿಂತೆ. ಎಲ್ಲರ ಡ್ರೈವರೂ ಹಾದುಹೋಗೋ ಉಗ್ರಾಣ ಯಾರದ್ದು? ಎಲ್ಲರದ್ದು. ಊರ ಕೆರೆ ಹೂಳು ತೆಗೆಯೋದು ಯಾರು ಅಂತ ಕೇಳಿದ್ರೆ ಯಾರು ಕೈ ಎತ್ತುತ್ತಾರೆ ಅಂತ ನಿಮಗೇ ಗೊತ್ತು.

ಇದಕ್ಕೆ ಸಾಕ್ಷಿನೂ ಇದೆ. ಮೆಸಾದ ಕೋಡು ಇರೋದು ಫ್ರೀಡೆಸ್ಕ್‌ಟಾಪ್ ಅನ್ನೋ ಸರ್ವರಿನಲ್ಲಿ. ಪ್ರತಿ ಬದಲಾವಣೆನೂ ಒಳಗೆ ಸೇರೋ ಮುಂಚೆ ಅಲ್ಲಿ ತಾನಾಗೇ ಬಿಲ್ಡ್ ಆಗಿ, ನಿಜವಾದ ಬೋರ್ಡುಗಳ ಮೇಲೆ ಪರೀಕ್ಷೆ ಆಗುತ್ತೆ. ಪಾಸಾದ್ರೆ ಮಾರ್ಜ್ ಅನ್ನೋ ಬಾಟ್ ಸೇರಿಸುತ್ತೆ. ಇದಕ್ಕೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಖರ್ಚು ಬರ್ತಿದೆ, ಹೀಗೇ ಆದ್ರೆ ಪರೀಕ್ಷೆ ನಿಲ್ಲಿಸ್ಬೇಕಾಗುತ್ತೆ ಅಂತ ಎಕ್ಸ್.ಆರ್ಗ್ ಫೌಂಡೇಶನ್ 2020ರಲ್ಲಿ ಎಲ್ಲರೆದುರು ಹೇಳ್ತು. ಆಮೇಲೆ ಒಂದು ಕಂಪನಿ ಸರ್ವರುಗಳನ್ನ ಪುಕ್ಕಟೆ ಕೊಟ್ಟಿತ್ತು. ಅವರು ಆ ವ್ಯವಹಾರವನ್ನೇ ಮುಚ್ತೀವಿ ಅಂದಾಗ 2025ರಲ್ಲಿ ಗಂಟುಮೂಟೆ ಕಟ್ಕೊಂಡು ಬೇರೆ ಕಡೆ ಹೋಗ್ಬೇಕಾಯ್ತು. ಇಷ್ಟು ದೊಡ್ಡ ದೊಡ್ಡ ಕಂಪನಿಗಳ ಹೆಸರು ಹೇಳಿದ್ರಲ್ಲ, ಅವರೆಲ್ಲ ಉಣ್ಣೋ ಮನೆಗೆ ಬಾಡಿಗೆ ಕಟ್ಟೋದೇ ಇಷ್ಟು ಕಷ್ಟ.

ದಾನ ಅಂದ್ರೆ ಆದಾಯ ಅಲ್ಲ. ಈ ವರ್ಷ ಬಂತು ಅಂತ ಮುಂದಿನ ವರ್ಷದ ಬಜೆಟ್ಟಿಗೆ ಬರೆಯೋಕಾಗಲ್ಲ.

7/8

ಈಗ ನಮ್ಮ ದೇಶದ ಹುಡುಗ ಹುಡುಗೀರ ಸರದಿ. ನೋವಾದ್ರೆ ಆಗಲಿ.

2020ರ ಹ್ಯಾಕ್ಟೋಬರ್‌ಫೆಸ್ಟ್ ಕೇಳಿದ್ದೀರಾ? ಅಕ್ಟೋಬರಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ನಾಲ್ಕು ತಿದ್ದುಪಡಿ ಕಳಿಸಿದ್ರೆ ಟಿ-ಶರ್ಟ್. ಒಂದು ಯೂಟ್ಯೂಬ್ ವಿಡಿಯೋ ಸುಲಭದ ದಾರಿ ತೋರಿಸ್ತು. ಸಾವಿರಾರು ಜನ ಹೋಗಿ ರೀಡ್‌ಮಿ ಕಡತದಲ್ಲಿ ‘ಅಮೇಜಿಂಗ್ ಪ್ರಾಜೆಕ್ಟ್’ ಅಂತ ಎರಡು ಪದ ಸೇರಿಸಿ ಕಳಿಸಿದ್ರು. ಪ್ರತಿಯೊಂದನ್ನೂ ಒಬ್ಬ ಮನುಷ್ಯ ತೆಗೆದು, ಓದಿ, ಮುಚ್ಚಬೇಕು. ಶುರುವಾಗಿ ಮೂರೇ ದಿನಕ್ಕೆ, ಬೇಕು ಅಂದ ಯೋಜನೆಗಳು ಮಾತ್ರ ಲೆಕ್ಕಕ್ಕೆ ಅಂತ ನಿಯಮ ಬದಲಾಯಿಸಿದ್ರು. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಅನ್ನೋ ಯೋಜನೆಗೆ ಮತ್ತೆ ಅದೇ ಗತಿ. ಈ ಸಲ ನಮ್ಮ ದೇಶದ ಒಂದು ಪಾಠದ ವಿಡಿಯೋ ನೋಡಿ, ತಮ್ಮ ತಮ್ಮ ಹೆಸರು ಸೇರಿಸಿ ಕಳಿಸಿದ್ರು. ದೇವಸ್ಥಾನದ ಕಂಬದ ಮೇಲೆ ಮೊಳೆಯಲ್ಲಿ ಹೆಸರು ಕೆತ್ತೋ ಬುದ್ಧಿ, ಜಾಗ ಮಾತ್ರ ಬೇರೆ.

ಕಲಿಯೋರನ್ನ ನಾನು ಬೈತಿಲ್ಲ. ಮೊದಲ ಸಲ ಎಲ್ಲರೂ ತಡವರಿಸ್ತಾರೆ. ನನ್ನ ಕೋಪ ಇರೋದು, ‘ಓಪನ್ ಸೋರ್ಸ್ ಅಂದ್ರೆ ರೆಸ್ಯೂಮೆಗೆ ಒಂದು ಸಾಲು’ ಅಂತ ಕಲಿಸೋರ ಮೇಲೆ. ಒಂದು ಕ್ಲಬ್ಬಿನ ವರ್ಕ್‌ಶಾಪಿಗೆ ಹೋಗಿದ್ದೆ, ಯಾವುದು ಅಂತ ಕೇಳಬೇಡಿ. ಮೂರು ಗಂಟೆ ‘ಕಾಂಟ್ರಿಬ್ಯೂಷನ್’ ಬಗ್ಗೆ ಹೇಳಿದ್ರು. ಮೇಂಟೇನರ್ ಅನ್ನೋ ಪದ ಒಂದು ಸಲನೂ ಬರಲಿಲ್ಲ. ಕೊನೆಗೆ ಸರ್ಟಿಫಿಕೇಟು, ಗ್ರೂಪ್ ಫೋಟೋ. ಅತ್ಲಾಗೆ ಸಮೋಸ ಚೆನ್ನಾಗಿತ್ತು.

8/8

‘ಬಿಕಾಂ ಓದ್ಕೊಂಡು ನಿಮಗ್ಯಾಕೆ ಇದೆಲ್ಲ’ ಅಂತ ಡಿಎಂ ಮಾಡಿದವರೇ, ಸಂಸ್ಥೆಗಳ ದುಡ್ಡು ಎಲ್ಲಿಗೆ ಹೋಗಬೇಕು ಅಂತ ನಾಳೆ ಬರೆಯೋರು ನಾವು. ಬಜೆಟ್ಟಲ್ಲಿ ಮೇಂಟೆನೆನ್ಸ್ ಸಾಲಿಗೆ ಕತ್ತರಿ ಹಾಕೋ ಪೆನ್ನು ನಮ್ಮ ಕೈಗೇ ಬರೋದು. ಕೋಡ್ ಬರೆಯೋರಿಗಿಂತ ನಮಗೇ ಇದು ಮೊದಲು ಗೊತ್ತಿರಬೇಕು.

ಅದನ್ನ ನಮ್ಮ ಕಾಲೇಜಿಂದಲೇ ಶುರು ಮಾಡೋಣ. ಫೆಸ್ಟ್‌ನಲ್ಲಿ ಪ್ರತಿ ವರ್ಷ ‘ಬೆಸ್ಟ್ ನ್ಯೂ ಆ್ಯಪ್’ ಬಹುಮಾನ ಕೊಡ್ತಾರಲ್ಲ. ಹೋದ ವರ್ಷ ಗೆದ್ದ ಟೈಮ್‌ಟೇಬಲ್ ಆ್ಯಪ್ ಯಾರ ಫೋನಲ್ಲಾದ್ರೂ ಓಪನ್ ಆಗ್ತಿದೆಯಾ? ಅದರ ಹಿಂದಿನ ವರ್ಷದ ಲೈಬ್ರರಿ ಆ್ಯಪ್? ಮಾಡಿದವರು ಚೆಕ್ ಹಿಡಿದು ಫೋಟೋ ತೆಗೆಸ್ಕೊಂಡು ಪಾಸಾಗಿ ಹೋದ್ರು. ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಕ್ಲಬ್ಬಿಗೇ ಗೊತ್ತಿಲ್ಲ.

ಕಾಂಟ್ರ್ಯಾಕ್ಟ್ ಅಕೌಂಟ್ಸ್‌ನಲ್ಲಿ ರಿಟೆನ್ಷನ್ ಮನಿ ಅಂತ ಓದಿದ್ದೀವಿ. ಕಟ್ಟಡ ಮುಗಿದ ತಕ್ಷಣ ಕಂಟ್ರಾಕ್ಟರಿಗೆ ಪೂರ್ತಿ ಹಣ ಕೊಡಲ್ಲ, ಸ್ವಲ್ಪ ಹಿಡಿದಿಟ್ಟು, ಗೋಡೆ ಬಿರುಕು ಬಿಡಲ್ಲ ಅಂತ ಖಾತ್ರಿ ಆದ ಮೇಲೆ ಕೊಡ್ತಾರೆ. ಅದನ್ನೇ ಇಲ್ಲೂ ಕೇಳ್ತಿದ್ದೀನಿ. ಬಹುಮಾನದ ಅರ್ಧ ಹಣ ಈಗ, ಇನ್ನರ್ಧ ಮುಂದಿನ ಫೆಸ್ಟ್ ದಿನ, ಆ್ಯಪ್ ಅವತ್ತು ಎಲ್ಲರೆದುರು ಓಪನ್ ಆದ್ರೆ. ತಂಡ ಪಾಸಾಗಿ ಹೋಗಿದ್ರೆ, ಆ ಅರ್ಧ ಅದನ್ನ ನಡೆಸ್ಕೊಂಡು ಬಂದ ಜೂನಿಯರುಗಳಿಗೆ. ಕೋಡ್ ಕೊಡುವಾಗ ಬೇರೆ ಕಂಪ್ಯೂಟರಲ್ಲಿ ಹೇಗೆ ಬಿಲ್ಡ್ ಮಾಡಬೇಕು ಅಂತ ಒಂದು ಪುಟ ಬರೆದಿರ್ಬೇಕು, ಅದನ್ನ ತಂಡದ ಹೊರಗಿನ ಒಬ್ಬರು ಮಾಡಿ ತೋರಿಸ್ಬೇಕು.

ಅರ್ಜಿ ಬರೆದಾಗಿದೆ, ಎರಡೂವರೆ ಪುಟ, ಕಾಮರ್ಸ್ ಅಸೋಸಿಯೇಷನ್ ಹೆಸರಿಗೆ. ಐವತ್ತು ಸಹಿ ಬೇಕು, ಇಲ್ಲೀವರೆಗೆ ಹನ್ನೊಂದು ಬಿದ್ದಿದೆ. ಸೋಮವಾರ ಮಧ್ಯಾಹ್ನ ಒಂದೂವರೆಗೆ ಕ್ಯಾಂಟೀನ್ ಹಿಂದಿನ ಕಟ್ಟೆ ಮೇಲೆ ಇರ್ತೀನಿ. ಒಪ್ಪದೇ ಇರೋರೂ ಬನ್ನಿ, ಅಲ್ಲೇ ಜಗಳ ಆಡೋಣ. ಪೆನ್ನು ಮಾತ್ರ ನಿಮ್ಮದೇ ತನ್ನಿ.